ಸಂತತ ಸಂಯೋಜನ ಪದ್ಧತಿ: ಅದರ ಸ್ವರೂಪವೂ ಕನ್ನಡಕ್ಕೆ ಅದರಿಂದಾಗುವ ಉಪಯೋಗವೂ

೧. ಉಪೋದ್ಘಾತ

ಗಣಕಯಂತ್ರವು ನಡೆಯುವುದು ಬರೆಹದಿಂದ. ಯಂತ್ರವು ಯಾವ ಕೆಲಸವನ್ನು ಯಾವ ಕ್ರಮದಲ್ಲಿ ಮಾಡತಕ್ಕದ್ದೆಂಬುದನ್ನು ಮನುಷ್ಯರು ಒಂದು ಕೃತಕಭಾಷೆಯಲ್ಲಿ ಬರೆದಿಡುತ್ತಾರೆ. ಆ ಬರೆಹಕ್ಕೆ ಕೋಡ್ ಎಂತಲೂ, ಅಂಥ ಬರೆಹಗಳ ಸಮುದಾಯಕ್ಕೆ ತಂತ್ರಾಂಶ ಅಥವಾ ಸಾಫ್ಟ್‌ವೇರ್ ಎಂತಲೂ ಹೆಸರು. ದೊಡ್ಡದೊಂದು ತಂತ್ರಾಂಶವು ಏಕಕರ್ತೃಕವಾಗಿರುವುದು ವಿರಳ. ಹತ್ತಾರು ಮಂದಿ, ಕೆಲವೆಡೆ ನೂರಾರು ಮಂದಿ, ಕೂಡಿ ಬರೆದು ಬರೆದಮೇಲೂ ದಿನದಿನವೂ ತಿದ್ದುತ್ತಲೇ ಇರುವ ಗ್ರಂಥವದು. ಹಲವು ಕೈಗಳಲ್ಲಿ ಬೆಳೆದ ಗ್ರಂಥಕ್ಕೆ ಪಾಠಭೇದಗಳೂ ಪ್ರಕ್ಷೇಪಗಳೂ ಸ್ಖಾಲಿತ್ಯಗಳೂ ತಪ್ಪವೆಂಬುದು ಹಸ್ತಪ್ರತಿಗಳನ್ನು ಶೋಧಿಸಿದವರಿಗೆಲ್ಲ ವಿದಿತವಾಗಿಯೇ ಇದೆ. ಆದರೆ ಓಲೆಯ ಪ್ರತಿಯಲ್ಲಿ ಲಿಪಿಕಾರನು ಒಂದಕ್ಷರವನ್ನು ಬಿಟ್ಟಿದ್ದರೂ ಓದುವವನು ಪ್ರಕರಣವನ್ನು ಹಿಡಿದು ಅರ್ಥವನ್ನು ಊಹಿಸಿಕೊಳ್ಳಬಲ್ಲನು. ಯಂತ್ರಕ್ಕೆ ಆ ಊಹಾಶಕ್ತಿಯಿಲ್ಲ. ಅಲ್ಲಿ ಒಂದಕ್ಷರದ ತಪ್ಪು ಇಡೀ ಗ್ರಂಥವನ್ನೇ ನಿಲ್ಲಿಸಿಬಿಡಬಹುದು. ಇಲ್ಲವೆ, ಅದಕ್ಕಿಂತಲೂ ಕೆಟ್ಟುದಾಗಿ, ಯಾರಿಗೂ ತಿಳಿಯದಂತೆ ತಪ್ಪು ಫಲವನ್ನು ಕೊಡುತ್ತ ಹೋಗಬಹುದು.

ಈ ಕ್ಲೇಶವನ್ನು ನಿವಾರಿಸುವುದಕ್ಕಾಗಿ ತಂತ್ರಾಂಶಕಾರರು ಕಳೆದ ಮೂರು ದಶಕಗಳಿಂದ ರೂಢಿಸಿಕೊಂಡು ಬಂದಿರುವ ಒಂದು ಪದ್ಧತಿಯ ಸ್ವರೂಪವನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ಭಾಷಾಸಾಹಿತ್ಯಗಳ ಅಧ್ಯಾಪಕರಿಗೆ ಇದರಿಂದೇನು ಎಂಬ ಶಂಕೆ ಸಹಜವೇ. ಇಂದು ಕನ್ನಡದ ನಿಘಂಟು, ಪಠ್ಯಪುಸ್ತಕ, ಶಾಸನಸಂಗ್ರಹ, ಕಾವ್ಯ ಎಲ್ಲವೂ ವಾಚಕರ ಕೈಸೇರುವುದು ತಂತ್ರಾಂಶದ ಮೂಲಕ. ಅದರಲ್ಲಿ ಕನ್ನಡವು ಕೆಡದಂತೆ ಕಾಯುವ ಕೆಲಸದಲ್ಲಿ ಕನ್ನಡ ಬಲ್ಲವರಿಗೆ ಒಂದು ನಿಯತವಾದ ಸ್ಥಾನವಿದೆಯೆಂಬುದು ಮುಂದೆ ಸ್ಪಷ್ಟವಾಗುವುದು.

೨. ಹೆಸರಿನ ಅರ್ಥ

ಇಂಗ್ಲಿಷಿನಲ್ಲಿ ಈ ಪದ್ಧತಿಗೆ ಕಂಟಿನ್ಯುಯಸ್ ಇಂಟಿಗ್ರೇಷನ್ ಎಂದು ಹೆಸರು, ವ್ಯವಹಾರದಲ್ಲಿ ಸಿ.ಐ. ಎಂದು ಹ್ರಸ್ವಗೊಳಿಸುತ್ತಾರೆ. ಕನ್ನಡದಲ್ಲಿ ಸಂತತ ಸಂಯೋಜನ ಎನ್ನಬಹುದು. ಇಲ್ಲಿ ಸಂತತ ಎಂದರೆ ಎಡೆಬಿಡದೆ ಎಂದರ್ಥವಲ್ಲ. ಮತ್ತೆ ಮತ್ತೆ ಎಂದರ್ಥ. ದ್ವಿರುಕ್ತಿಯನ್ನು ವಿಧಿಸುವ ಪಾಣಿನಿಯ ಸೂತ್ರದಲ್ಲಿ ನಿತ್ಯಶಬ್ದಕ್ಕೆ ವ್ಯಾಖ್ಯಾನಕಾರರು ಆಭೀಕ್ಷ್ಣ್ಯ, ಅಂದರೆ ಪೌನಃಪುನ್ಯ, ಎಂದು ಅರ್ಥ ಹೇಳಿರುವರಷ್ಟೆ. ಇಲ್ಲಿಯೂ ಅದೇ ಅರ್ಥವೇ ವಿವಕ್ಷಿತ. ತಂಡದ ಪ್ರತಿಯೊಬ್ಬನೂ ತಾನು ಬರೆದುದನ್ನು ದಿನಕ್ಕೆ ಒಂದು ಸಲವಾದರೂ ಎಲ್ಲರಿಗೂ ಸಾಮಾನ್ಯವಾದ ಮೂಲಪ್ರತಿಯಲ್ಲಿ ಕೂಡಿಸುವುದು, ಹಾಗೆ ಕೂಡಿಸಿದಾಗಲೆಲ್ಲ ಕೂಡಿದ ಇಡೀ ಗ್ರಂಥವನ್ನು ಯಂತ್ರದಿಂದಲೇ ಪರೀಕ್ಷಿಸುವುದು, ದೋಷ ಕಂಡರೆ ಆ ಕ್ಷಣವೇ ತಿದ್ದುವುದು: ಇಷ್ಟು ಇದರ ಲಕ್ಷಣ.

೩. ಪೂರ್ವಪದ್ಧತಿಯ ಕ್ಲೇಶ

ಮೊದಲಿದ್ದ ರೂಢಿ ಬೇರೆ. ಕೆಲಸವನ್ನು ಹಂಚಿಕೊಂಡು ಒಬ್ಬೊಬ್ಬರೂ ವಾರಗಟ್ಟಲೆ, ತಿಂಗಳುಗಟ್ಟಲೆ ತಮ್ಮ ತಮ್ಮ ಭಾಗವನ್ನು ಪ್ರತ್ಯೇಕವಾಗಿ ಬರೆದು ಕೊನೆಯಲ್ಲಿ ಎಲ್ಲವನ್ನೂ ಕೂಡಿಸುತ್ತಿದ್ದರು. ಕೂಡಿಸುವ ಕೆಲಸಕ್ಕೆ ಎಷ್ಟು ಕಾಲ ಹಿಡಿಯುವುದೆಂದು ಯಾರೂ ಮುಂದಾಗಿ ಹೇಳಲಾರದೆ ಹೋಗುತ್ತಿದ್ದರು. ಇದಕ್ಕೆ ಕಾರಣವನ್ನು ಒಂದು ಕಲ್ಪಿತ ದೃಷ್ಟಾಂತದಿಂದ ತಿಳಿಯಬಹುದು.

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ನಾಲ್ವರ ತಂಡವೊಂದು ಜಿಲ್ಲೆಯ ಊರುಗಳ ಕೋಶವನ್ನು ಗಣಕಯಂತ್ರಕ್ಕೆ ಅಳವಡಿಸುತ್ತಿದೆಯೆಂದು ಇಟ್ಟುಕೊಳ್ಳೋಣ. ಒಬ್ಬನು ಊರ ಹೆಸರುಗಳನ್ನು ಸಂಗ್ರಹಿಸುವ ಭಾಗವನ್ನೂ, ಎರಡನೆಯವನು ಅಕಾರಾದಿಯಾಗಿ ಜೋಡಿಸುವ ಭಾಗವನ್ನೂ, ಮೂರನೆಯವನು ಹುಡುಕುವ ಭಾಗವನ್ನೂ, ನಾಲ್ಕನೆಯವನು ಮುದ್ರಿಸುವ ಭಾಗವನ್ನೂ ವಹಿಸಿಕೊಂಡು ಒಂದು ತಿಂಗಳು ಬೇರೆಬೇರೆಯಾಗಿ ದುಡಿದರು. ೨೦೧೪ರ ನವೆಂಬರ್ ೧ರಂದು ನಗರದ ಇಂಗ್ಲಿಷ್ ಕಾಗುಣಿತವು ಬೆಲ್ಲಾರಿ ಎಂದು ಓದಿಸುತ್ತಿದ್ದುದು ಹೋಗಿ ಬಳ್ಳಾರಿಯೆಂದು ಓದಿಸುವಂತಾಯಿತು. ೨೦೨೧ರಲ್ಲಿ ವಿಜಯನಗರ ಜಿಲ್ಲೆಯು ಪ್ರತ್ಯೇಕವಾಗಿ ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪ್ಲಿ, ಸಂಡೂರು ಎಂಬ ಐದು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿ ಉಳಿದವು. ಮೊದಲನೆಯವನು ಹೊಸ ವಿಭಾಗವನ್ನು ಅನುಸರಿಸಿದನು. ಮೂರನೆಯವನ ಕೈಯಲ್ಲಿದ್ದುದು ಹೊಸಪೇಟೆ, ಕೂಡ್ಲಿಗಿ ಮೊದಲಾದುವು ಸೇರಿದ ಹಳೆಯ ಪಟ್ಟಿ. ಕೂಡಿಸಿದ ದಿನ ಹುಡುಕಿದ ಊರುಗಳು ಸಿಕ್ಕದೆ ಹೋದುವು.

ಇಷ್ಟಾದರೆ ಕಣ್ಣಿಗೆ ಕಾಣುವ ತಪ್ಪು. ಕಾಣದ ತಪ್ಪು ಇನ್ನೊಂದುಂಟು. ಕುರುಗೋಡು ಎಂಬಲ್ಲಿಯ ಗೋಕಾರದ ಸ್ವರಚಿಹ್ನೆಯನ್ನು ಯೂನಿಕೋಡ್ ಎಂಬ ಸಂಕೇತಕ್ರಮದಲ್ಲಿ ಎರಡು ಬಗೆಯಾಗಿ ಬರೆದಿಡಬಹುದು: ಓತ್ವದ ಒಂದೇ ಸಂಕೇತವಾಗಿ, ಇಲ್ಲವೆ ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂಬ ಮೂರು ಸಂಕೇತಗಳ ಸಾಲಾಗಿ. ತೆರೆಯ ಮೇಲೆ ಎರಡೂ ಒಂದೇ ರೂಪ. ಯೂನಿಕೋಡಿನ ನಿಯಮವೂ ಎರಡನ್ನು ಸಮಾನವೆಂದೇ ಹೇಳುತ್ತದೆ. ಆದರೆ ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕೆಂದು ತಂತ್ರಾಂಶಕಾರನು ಬರೆದಿಡದಿದ್ದರೆ ಯಂತ್ರವು ಅವೆರಡೂ ಬೇರೆಬೇರೆ ಶಬ್ದಗಳೆಂದೇ ತಿಳಿಯುವುದು. ಒಬ್ಬನು ಮೊದಲನೆಯ ಬಗೆಯಲ್ಲಿಯೂ ಮತ್ತೊಬ್ಬನು ಎರಡನೆಯ ಬಗೆಯಲ್ಲಿಯೂ ಬರೆದರೆ ಕುರುಗೋಡು ಕೋಶದಲ್ಲಿದ್ದೂ ಇಲ್ಲದಂತಾಗುವುದು. ಪಂಪ ಎಂದು ಬಿಂದುವಿನಿಂದ ಬರೆದುದೂ ಪಮ್ಪ ಎಂದು ವರ್ಗೀಯಾನುನಾಸಿಕದಿಂದ ಬರೆದುದೂ ಉಚ್ಚಾರದಲ್ಲಿ ಒಂದೇ ಆದರೂ ಯಂತ್ರಕ್ಕೆ ಎರಡಾಗುವುದು ಇದೇ ಜಾತಿಯ ತೊಡಕು.

ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಬ್ಬನ ಬರೆಹವೂ ಶುದ್ಧವೇ. ದೋಷವಿರುವುದು ಪದಗಳಲ್ಲಲ್ಲ, ಸಂಧಿಯಲ್ಲಿ. ಆದುದರಿಂದ ಕೂಡಿಸುವ ತನಕ ಅದು ಗೋಚರಿಸುವುದೇ ಇಲ್ಲ. ನಾಲ್ವರು ಇದ್ದಲ್ಲಿ ಇಬ್ಬಿಬ್ಬರ ನಡುವಣ ಕೂಡುವ ಸ್ಥಾನಗಳು ಆರು. ಹತ್ತು ಮಂದಿಯಾದರೆ ನಲವತ್ತೈದು. ತಂಡ ಬೆಳೆದಂತೆ ಸಂಧಿಸ್ಥಾನಗಳು ಅದಕ್ಕಿಂತ ವೇಗವಾಗಿ ಬೆಳೆಯುವುವು. ಅಲ್ಲದೆ ತಿಂಗಳ ಕೊನೆಯಲ್ಲಿ ಕಂಡ ದೋಷಕ್ಕೆ ಕಾರಣವನ್ನು ತಿಂಗಳ ಎಲ್ಲ ಬರೆಹದಲ್ಲಿಯೂ ಹುಡುಕಬೇಕು. ಅದೇ ಸಂಜೆ ಕೂಡಿಸಿದ್ದರೆ ಕಾರಣವು ಆ ದಿನ ಬರೆದ ಕೆಲವು ಸಾಲುಗಳಲ್ಲಿಯೇ ಇರತಕ್ಕದ್ದು. ಬರೆದವನಿಗೂ ತಾನೇನು ಬರೆದೆನೆಂಬ ನೆನಪು ಹಸಿಯಾಗಿರುವುದು. ಸಂತತ ಸಂಯೋಜನದ ಯುಕ್ತಿಯೆಲ್ಲ ಇಷ್ಟರಲ್ಲಿಯೇ ಅಡಗಿದೆ.

೪. ಪದ್ಧತಿಯ ಇತಿಹಾಸ

ಈ ಹೆಸರನ್ನು ೧೯೯೦ರ ದಶಕದ ಆದಿಭಾಗದಲ್ಲಿ ಅಮೆರಿಕದ ಗ್ರೇಡಿ ಬೂಚ್ ಎಂಬಾತನು ತನ್ನ ಗ್ರಂಥದಲ್ಲಿ ಬಳಸಿದನು. ಅದನ್ನು ದಿನಚರಿಯ ನಿಯಮವಾಗಿ ವಿಧಿಸಿದವನು ಕೆಂಟ್ ಬೆಕ್. ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ಅವನ ಕಾರ್ಯಪದ್ಧತಿಯನ್ನು ವಿವರಿಸುವ ಗ್ರಂಥವು ೧೯೯೯ರಲ್ಲಿ ಹೊರಬಂದಿತು. ೨೦೦೦ದಲ್ಲಿ ಮಾರ್ಟಿನ್ ಫೌಲರ್ ಎಂಬ ಆಂಗ್ಲ ಲೇಖಕನು ಈ ವಿಷಯವನ್ನೇ ಕುರಿತು ಒಂದು ಪ್ರಬಂಧವನ್ನು ಬರೆದು ೨೦೦೬ರಲ್ಲಿ ಪರಿಷ್ಕರಿಸಿದನು. ಪದ್ಧತಿಯು ವಿಶೇಷವಾಗಿ ಹಬ್ಬಿದುದು ಅದರಿಂದಲೇ. ಕೂಡಿಸಿದೊಡನೆ ತಾನಾಗಿಯೇ ಪರೀಕ್ಷೆ ನಡೆಸುವ ಕ್ರೂಸ್ ಕಂಟ್ರೋಲ್ ಎಂಬ ಸಾಧನವನ್ನು ಥಾಟ್‌ವರ್ಕ್ಸ್ ಸಂಸ್ಥೆಯವರು ೨೦೦೧ರಲ್ಲಿ ಹೊರತಂದರು. ಜಪಾನಿನ ಕೊಹ್‌ಸುಕೆ ಕವಾಗುಚಿಯು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿದ್ದಾಗ ರಚಿಸಿದ ಹಡ್ಸನ್ ಎಂಬುದು ೨೦೧೧ರಲ್ಲಿ ಜೆಂಕಿನ್ಸ್ ಎಂಬ ಹೆಸರನ್ನು ಪಡೆದು ಲೋಕದಲ್ಲೆಲ್ಲ ಪ್ರಚುರವಾಯಿತು.

ಈ ಇತಿಹಾಸದಲ್ಲಿ ಕರ್ಣಾಟಕಕ್ಕೂ ಒಂದು ಸ್ಥಾನವುಂಟು. ಷಿಕಾಗೊ ನಗರದ ಮೇಲ್ಕಂಡ ಥಾಟ್‌ವರ್ಕ್ಸ್ ಸಂಸ್ಥೆಯು ೨೦೦೧ರಲ್ಲಿ ಬೆಂಗಳೂರಿನಲ್ಲಿ ಶಾಖೆಯನ್ನು ತೆರೆಯಿತು. ಒಂದೇ ತಂತ್ರಾಂಶವನ್ನು ಎರಡು ಖಂಡಗಳಲ್ಲಿ ಕುಳಿತು ಬರೆಯಬೇಕಾಗಿ ಬಂದಾಗ ಪಡೆದ ಅನುಭವವನ್ನು ಫೌಲರನು ಪ್ರತ್ಯೇಕವಾದ ಒಂದು ಪ್ರಬಂಧದಲ್ಲಿ ವಿವರಿಸಿದ್ದಾನೆ. ಅದರಲ್ಲಿ ಹೇಳಿದ ಪಾಠಗಳ ಪೈಕಿ ಸಂತತ ಸಂಯೋಜನವು ಮುಖ್ಯವಾದುದು. ಭಾಗಭಾಗಗಳು ಕೂಡುವ ಸ್ಥಾನಗಳ ಹೊರರೂಪವನ್ನು ಎಷ್ಟು ಎಚ್ಚರದಿಂದ ಮೊದಲೇ ನಿರ್ಣಯಿಸಿದರೂ ಅವುಗಳ ಅರ್ಥದ ವಿಷಯದಲ್ಲಿ ಆ ಕಡೆಯವರ ಭಾವನೆಯೊಂದು, ಈ ಕಡೆಯವರ ಭಾವನೆಯೊಂದು ಆಗಿರುವುದುಂಟು. ನಿಜವಾಗಿ ಕೂಡಿಸಿ ನೋಡಿದ ಹೊರತು ಭೇದವು ತಿಳಿಯುವುದಿಲ್ಲ ಎಂಬುದು ಅಲ್ಲಿಯ ಅಭಿಪ್ರಾಯ. ಬೆಂಗಳೂರಿಗೂ ಷಿಕಾಗೊ ನಗರಕ್ಕೂ ಹೊತ್ತಿನ ಅಂತರ ಋತುವನ್ನನುಸರಿಸಿ ಹತ್ತೂವರೆ ಅಥವಾ ಹನ್ನೊಂದೂವರೆ ಗಂಟೆ. ಇಲ್ಲಿಯವರು ಸಂಜೆ ಕೆಲಸ ಮುಗಿಸುವ ವೇಳೆಗೆ ಅಲ್ಲಿಯವರು ಕುರ್ಚಿಯಲ್ಲಿ ಕೂರುವರು. ಇಲ್ಲಿಯವರು ಮೂಲಪ್ರತಿಯನ್ನು ಕೆಡಿಸಿ ಮನೆಗೆ ಹೋದರೆ ಅಲ್ಲಿಯವರ ಒಂದು ಹಗಲು ವ್ಯರ್ಥವಾದಂತೆ. ಕೇಳೋಣವೆಂದರೆ ಉತ್ತರ ಹೇಳುವವರು ನಿದ್ರೆಯಲ್ಲಿರುವರು. ಹೀಗೆ ದೂರವು ಹೆಚ್ಚಿದಂತೆ ಈ ಪದ್ಧತಿಯ ಆವಶ್ಯಕತೆಯೂ ಹೆಚ್ಚುವುದು.

೫. ಪದ್ಧತಿಯ ಅಂಗಗಳು

ಇದಕ್ಕೆ ಐದು ಅಂಗಗಳನ್ನು ಹೇಳಬಹುದು.

ಮೊದಲನೆಯದು ಏಕಮೂಲ. ತಂಡಕ್ಕೆಲ್ಲ ಒಂದೇ ಭಂಡಾರವಿರಬೇಕು. ಯಾರು, ಯಾವಾಗ, ಏನನ್ನು ತಿದ್ದಿದರೆಂಬ ಚರಿತ್ರೆಯೆಲ್ಲ ಅದರಲ್ಲಿ ಉಳಿಯಬೇಕು. ೨೦೦೫ರಲ್ಲಿ ಲಿನಸ್ ಟೊರ್ವಾಲ್ಡ್ಸ್ ರಚಿಸಿದ ಗಿಟ್ ಎಂಬುದು ಇಂದು ಇದಕ್ಕೆ ಬಹುವಾಗಿ ಬಳಕೆಯಲ್ಲಿದೆ.

ಎರಡನೆಯದು ಅಭೀಕ್ಷ್ಣ ಸಂಯೋಜನ. ಪ್ರತಿಯೊಬ್ಬನೂ ದಿನಕ್ಕೊಮ್ಮೆಯಾದರೂ ತನ್ನ ಬರೆಹವನ್ನು ಮೂಲದಲ್ಲಿ ಕೂಡಿಸಬೇಕು. ಇದಕ್ಕಾಗಿ ದೊಡ್ಡ ಕೆಲಸವನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆಯುವುದನ್ನು ಕಲಿಯಬೇಕಾಗುವುದು.

ಮೂರನೆಯದು ಸ್ವಯಂನಿರ್ಮಾಣ. ಬಿಡಿ ಬರೆಹಗಳಿಂದ ನಡೆಯುವ ತಂತ್ರಾಂಶವನ್ನು ಕಟ್ಟುವ ಕ್ರಿಯೆಗೆ ಬಿಲ್ಡ್ ಎಂದು ಹೆಸರು. ಅದು ಒಂದೇ ಆಜ್ಞೆಯಿಂದ, ಮನುಷ್ಯರ ಕೈ ತಾಗದೆ, ನಡೆಯುವಂತಿರಬೇಕು.

ನಾಲ್ಕನೆಯದು ಸ್ವಯಂಪರೀಕ್ಷೆ. ಇಂಥ ಪ್ರಶ್ನೆಗೆ ಇಂಥ ಉತ್ತರ ಬರತಕ್ಕದ್ದೆಂದು ಮೊದಲೇ ಬರೆದಿಟ್ಟ ಪರೀಕ್ಷೆಗಳನ್ನು ಯಂತ್ರವು ಪ್ರತಿಸಲವೂ ನಡೆಸಬೇಕು. ಈ ನಿರ್ಮಾಣಪರೀಕ್ಷೆಗಳು ಹತ್ತು ನಿಮಿಷಗಳೊಳಗೆ ಮುಗಿಯಬೇಕೆಂದು ಬೆಕ್ ಹೇಳಿದ್ದಾನೆ. ಅದಕ್ಕಿಂತ ತಡವಾದರೆ ಜನರು ಫಲಕ್ಕಾಗಿ ಕಾಯದೆ ಮುಂದಿನ ಕೆಲಸಕ್ಕೆ ಹೋಗಿಬಿಡುವರು.

ಐದನೆಯದು ಸದ್ಯಃಶೋಧನ. ಪರೀಕ್ಷೆ ಬಿದ್ದುಹೋದರೆ ಅದು ಎಲ್ಲರಿಗೂ ಕಾಣುವಂತಿರಬೇಕು. ಮಿಕ್ಕ ಕೆಲಸಕ್ಕಿಂತ ಮೊದಲು ಅದನ್ನು ಸರಿಪಡಿಸಬೇಕು. ಬೇಗನೆ ಸರಿಯಾಗದಿದ್ದರೆ ಆ ತಿದ್ದುಪಡಿಯನ್ನು ಹಿಂದಕ್ಕೆ ತೆಗೆದು ಮೂಲವನ್ನು ಶುದ್ಧವಾಗಿಟ್ಟು, ಆಮೇಲೆ ಕಾರಣವನ್ನು ವಿಚಾರಿಸಬೇಕು.

ವೇದಪಾಠಕರು ಸಂಹಿತೆಯ ಜತೆಗೆ ಪದ, ಕ್ರಮ, ಜಟಾ, ಘನ ಮೊದಲಾದ ಪಾಠಗಳನ್ನು ಇಟ್ಟುಕೊಂಡುದು ಇಲ್ಲಿ ಸ್ಮರಣೀಯ. ಒಂದೇ ಶಬ್ದವನ್ನು ಬಿಡಿಸಿಯೂ ಕೂಡಿಸಿಯೂ ಹಿಂದುಮುಂದಾಗಿಯೂ ಹೇಳುವುದರಿಂದ ಸಂಧಿಯಲ್ಲಿ ನುಸುಳಬಹುದಾದ ದೋಷವು ಒಡನೆಯೇ ಬಯಲಾಗುವುದು. ಆದರೆ ಸಾಮ್ಯವು ಇಷ್ಟಕ್ಕೇ ನಿಲ್ಲುವುದು. ಅಲ್ಲಿ ಕಾಯಬೇಕಾದುದು ಎಂದಿಗೂ ಬದಲಾಗಕೂಡದ ಪಾಠ. ಇಲ್ಲಿ ಕಾಯಬೇಕಾದುದು ಪ್ರತಿದಿನ ಬದಲಾಗಲೇಬೇಕಾದ ಪಾಠ. ಆದಕಾರಣ ಇಲ್ಲಿ ಗ್ರಂಥದೊಡನೆ ಪರೀಕ್ಷೆಗಳೂ ಬೆಳೆಯುತ್ತ ಹೋಗಬೇಕು.

೬. ಆಕ್ಷೇಪ ಸಮಾಧಾನಗಳು

ಈ ಪದ್ಧತಿಯನ್ನು ಹೊಸದಾಗಿ ಸ್ವೀಕರಿಸುವ ತಂಡದಲ್ಲಿ ಕೆಲವು ಆಕ್ಷೇಪಗಳು ಏಳುವುದು ಸ್ವಾಭಾವಿಕ.

ಪರೀಕ್ಷೆಗಳನ್ನು ಬರೆಯುವುದರಲ್ಲಿಯೇ ಕಾಲವೆಲ್ಲ ಕಳೆದರೆ ಮುಖ್ಯ ಕೆಲಸವಾಗುವುದು ಯಾವಾಗ ಎಂಬುದು ಮೊದಲನೆಯ ಆಕ್ಷೇಪ. ಆರಂಭದಲ್ಲಿ ವೇಗವು ತಗ್ಗುವುದು ನಿಜವೇ. ಆದರೆ ಪರೀಕ್ಷೆಯನ್ನು ಬರೆಯುವುದು ಒಂದು ಸಲ. ಅದರ ಫಲವು ಪ್ರತಿ ಸಂಯೋಜನದಲ್ಲಿಯೂ ಬರುವುದು. ಅಲ್ಲದೆ ಎಲ್ಲಕ್ಕೂ ಒಂದೇ ದಿನ ಪರೀಕ್ಷೆ ಬರೆಯಬೇಕೆಂದಿಲ್ಲ. ಮೊದಲು ಎಲ್ಲ ಬರೆಹವನ್ನೂ ಒಂದು ಭಂಡಾರಕ್ಕೆ ತಂದು, ಆಮೇಲೆ ಒಂದೇ ಆಜ್ಞೆಯಿಂದ ಬಿಲ್ಡ್ ನಡೆಯುವಂತೆ ಮಾಡಿ, ಬಳಿಕ ಹೆಚ್ಚು ಕೆಡುವ ಸ್ಥಳಗಳಿಗೆ ಕೆಲವು ಪರೀಕ್ಷೆಗಳನ್ನು ಬರೆದು, ಅಲ್ಲಿಂದಾಚೆಗೆ ದೋಷವೊಂದು ಸಿಕ್ಕಿದಾಗಲೆಲ್ಲ ಅದು ಮರುಕಳಿಸದಂತೆ ಒಂದು ಪರೀಕ್ಷೆಯನ್ನು ಸೇರಿಸುತ್ತ ಹೋಗುವುದು ಸುಗಮವಾದ ಮಾರ್ಗ.

ಅರ್ಧವಾದ ಬರೆಹವನ್ನು ಮೂಲದಲ್ಲಿ ಹೇಗೆ ಕೂಡಿಸುವುದು ಎಂಬುದು ಎರಡನೆಯ ಆಕ್ಷೇಪ. ಮುಗಿಯದ ಭಾಗವನ್ನು ಬಳಸುವವರಿಗೆ ಕಾಣದಂತೆ ಮುಚ್ಚಿಟ್ಟು ಕೂಡಿಸಬಹುದು. ಕೂಡಿದುದೆಲ್ಲವೂ ಪ್ರಕಟವಾಗಬೇಕೆಂಬ ನಿಯಮವಿಲ್ಲ. ಕೂಡಿದುದರಿಂದ ಮಿಕ್ಕುದು ಕೆಡಬಾರದೆಂಬುದಷ್ಟೇ ನಿಯಮ.

ಪರೀಕ್ಷೆ ಬಿದ್ದಾಗ ಎಲ್ಲರ ಮುಂದೆ ತಪ್ಪಿತಸ್ಥನೆನಿಸಿಕೊಳ್ಳುವ ಭಯವು ಮೂರನೆಯದು. ಇದು ಬಾಯಿಬಿಟ್ಟು ಹೇಳುವ ಆಕ್ಷೇಪವಲ್ಲ. ಆದರೆ ಹೊಸಬರಲ್ಲಿ ಇದೇ ಬಲವಾದುದು. ಈ ಭಯಕ್ಕೆ ಎಡೆಗೊಟ್ಟಲ್ಲಿ ಜನರು ತಮ್ಮ ಬರೆಹವನ್ನು ಬಚ್ಚಿಟ್ಟುಕೊಂಡು ತಡವಾಗಿ ಕೂಡಿಸುವರು. ಪದ್ಧತಿಯು ಹೆಸರಿಗೆ ಮಾತ್ರ ಉಳಿಯುವುದು. ದೋಷವನ್ನು ಹುಡುಕಬೇಕು, ದೋಷಿಯನ್ನಲ್ಲ ಎಂಬುದು ತಂಡದ ಹಿರಿಯರು ಮಾತಿನಿಂದಲ್ಲ, ನಡೆವಳಿಕೆಯಿಂದ ತೋರಿಸಬೇಕಾದ ವಿಷಯ.

ಜೆಂಕಿನ್ಸನ್ನೋ ಅದರಂಥ ಬೇರೊಂದು ಸಾಧನವನ್ನೋ ಸ್ಥಾಪಿಸಿದ ಮಾತ್ರಕ್ಕೆ ಪದ್ಧತಿಯನ್ನು ಸ್ವೀಕರಿಸಿದಂತಾಯಿತೆಂಬ ಭ್ರಾಂತಿಯೂ ಬಹಳ ಕಡೆ ಉಂಟು. ವಾರಗಟ್ಟಲೆ ಪ್ರತ್ಯೇಕವಾಗಿ ಬರೆಯುತ್ತಿದ್ದು ಯಂತ್ರವನ್ನು ಮಾತ್ರ ಕಾವಲಿಟ್ಟರೆ ಅದು ಸಂಯೋಜನವೂ ಅಲ್ಲ, ಸಂತತವೂ ಅಲ್ಲ. ಯಂತ್ರವು ಸಹಕಾರಿ, ಪ್ರಧಾನವಾದುದು ಆಚಾರ.

೭. ಕನ್ನಡಕ್ಕೆ ಉಪಯೋಗ

ಇಷ್ಟರಿಂದ ಪದ್ಧತಿಯ ಬಲವೂ ಅದರ ಮೇರೆಯೂ ವ್ಯಕ್ತವಾಗುವುವು. ಯಂತ್ರವು ಕೇಳಿದ ಪ್ರಶ್ನೆಯನ್ನು ಎಂದಿಗೂ ಮರೆಯದು. ಆದರೆ ಯಾರೂ ಬರೆದಿಡದ ಪ್ರಶ್ನೆಯನ್ನು ತಾನಾಗಿ ಕೇಳದು. ಕನ್ನಡಕ್ಕೆ ಸಂಬಂಧಿಸಿದ ಪ್ರಶ್ನೆಗಳನ್ನು ಬರೆದಿಡುವವರು ಯಾರೆಂಬುದೇ ಇಲ್ಲಿ ಮುಖ್ಯವಾದ ವಿಚಾರ.

ಸಂಕೇತಗಳ ಸಾಲನ್ನು ಅಕ್ಷರರೂಪಗಳಾಗಿ ಜೋಡಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶವು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆ ಆಫೀಸ್ ಮೊದಲಾದುವುಗಳಲ್ಲಿ ಸೇರಿದೆ. ದೇವನಾಗರಿ, ತೆಲುಗು, ಕನ್ನಡ ಮೊದಲಾದ ಲಿಪಿಗಳಿಗೆ ಅದರಲ್ಲಿ ಬಹುಮಟ್ಟಿಗೆ ಒಂದೇ ಭಾಗವು ಕೆಲಸ ಮಾಡುವುದರಿಂದ, ಬೇರೆ ಲಿಪಿಯ ಸಲುವಾಗಿ ಕನ್ನಡ ಓದಲು ಬಾರದವನೊಬ್ಬನು ಮಾಡಿದ ತಿದ್ದುಪಡಿಯು ಕನ್ನಡವನ್ನು ಕೆಡಿಸಬಹುದು. ಉದಾಹರಣೆಗೆ ಸೂರ್ಯ ಎಂಬಲ್ಲಿ ರೇಫವು ಅರ್ಕಾವತ್ತಾಗಿ ಯಕಾರದ ಬಲಕ್ಕೆ ಬರಬೇಕು. ರ‍್ಯಾಂಕ್ ಎಂಬಲ್ಲಿ ರಕಾರವು ಮೊದಲು ನಿಂತು ಯಕಾರವೇ ಒತ್ತಾಗಬೇಕು. ಈ ಎರಡನ್ನು ಬೇರ್ಪಡಿಸುವುದು ರಕಾರದ ಮುಂದೆ ಬರೆದಿಡುವ, ಕಣ್ಣಿಗೆ ಕಾಣದ ಒಂದು ಸಂಕೇತ. ಹಾರ್ಫ್‌ಬಜ್ ತಂತ್ರಾಂಶದ ಪರೀಕ್ಷಾಸಂಗ್ರಹದಲ್ಲಿ ಕನ್ನಡದ ಅಕ್ಷರಸಮೂಹಗಳೂ ಸೇರಿದ್ದು, ತಿದ್ದುಪಡಿಯಾದಾಗಲೆಲ್ಲ ಅವು ಪರೀಕ್ಷೆಗೊಳಗಾಗುವುವು. ಕನ್ನಡವರಿಯದವನ ಕೈಯಿಂದಲೂ ಕನ್ನಡವು ಸುರಕ್ಷಿತವಾಗಿರುವುದು ಹೀಗೆ.

೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದಲ್ಲಿಯೂ ಜೆಂಕಿನ್ಸ್ ಪರೀಕ್ಷೆಗಳುಂಟು. ಅದರ ಸೂಚನಾವಾಕ್ಯಗಳನ್ನು ಸ್ವಯಂಸೇವಕರು ಕನ್ನಡಿಸುವರು. ಸಂಖ್ಯೆಗೆ ತಕ್ಕ ವಚನವನ್ನು ಆರಿಸುವುದಕ್ಕೆ ಇಂಥ ತಂತ್ರಾಂಶಗಳು ಯೂನಿಕೋಡ್ ಸಂಸ್ಥೆಯ ಸಿ.ಎಲ್.ಡಿ.ಆರ್. ಎಂಬ ಭಾಷಾಮಾಹಿತಿಕೋಶವನ್ನು ಅನುಸರಿಸುತ್ತವೆ. ಅದರ ಪ್ರಕಾರ ಕನ್ನಡದಲ್ಲಿ ಸೊನ್ನೆಯೂ ಒಂದೂ ಒಂದೇ ವರ್ಗಕ್ಕೆ ಸೇರಿವೆ. ಸೊನ್ನೆ ಪುಟ ಎನ್ನುವುದು ಸಾಧುವೋ, ಸೊನ್ನೆ ಪುಟಗಳು ಎನ್ನುವುದು ಸಾಧುವೋ ಎಂಬುದು ವ್ಯಾಕರಣಜ್ಞರು ವಿಚಾರಿಸಬೇಕಾದ ಪ್ರಶ್ನೆ. ನಿಯಮವನ್ನು ಯಾರು ಹೇಗೆ ಬರೆದಿಟ್ಟರೂ ಯಂತ್ರವು ಅದನ್ನೇ ಸಾವಿರಾರು ಸ್ಥಳಗಳಲ್ಲಿ ಚಾಚೂ ತಪ್ಪದೆ ನಡೆಸುವುದು.

ಲಿಪಿಯು ನಿಶ್ಚಿತವಾಗಿರುವಾಗ ನಿತ್ಯಪರೀಕ್ಷೆಯೇಕೆ ಎಂದರೆ, ಗಣಕಯಂತ್ರದಲ್ಲಿ ಅದು ಇನ್ನೂ ಬೆಳೆಯುತ್ತಿದೆ. ಹಳೆಯ ಬರೆಹಗಳಲ್ಲಿ ಕಾಣುವ ನಕಾರಪೊಲ್ಲಿಗೆ ಯೂನಿಕೋಡಿನಲ್ಲಿ ಸ್ಥಾನ ದೊರೆತುದು ೨೦೨೧ರ ೧೪ನೆಯ ಆವೃತ್ತಿಯಲ್ಲಿ. ಅದಕ್ಕೆ ಮೊದಲು ರಚಿತವಾದ ಅಚ್ಚುಮೊಳೆಗಳೂ ಶೋಧನಸಾಧನಗಳೂ ಆ ಅಕ್ಷರವನ್ನು ಅರಿಯವು.

ತಡವಾಗಿ ಕಂಡ ದೋಷದ ಫಲವೇನೆಂಬುದಕ್ಕೆ ಹಳಗನ್ನಡದ ಅಭ್ಯಾಸಿಗಳಿಗೆ ಪ್ರಿಯವಾದ ೞಕಾರವೇ ನಿದರ್ಶನ. ಯೂನಿಕೋಡಿನ ಪಟ್ಟಿಯಲ್ಲಿ ಈ ಅಕ್ಷರಕ್ಕೆ ‘ಕನ್ನಡ ಲೆಟರ್ ಎಫ್‌ಎ’ ಎಂಬ ಹೆಸರು ಬಿದ್ದಿದೆ. ಫಕಾರಕ್ಕೂ ೞಕಾರಕ್ಕೂ ಏನು ಸಂಬಂಧವೆಂಬುದು ಕನ್ನಡ ಬಲ್ಲ ಯಾರಿಗಾದರೂ ಕಣ್ಣಿಗೆ ಕಟ್ಟುವ ತಪ್ಪು. ಆದರೆ ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬುದು ಆ ಸಂಸ್ಥೆಯ ನಿಯಮ. ಆದುದರಿಂದ ಸರಿಯಾದ ಹೆಸರನ್ನು ಉಪನಾಮವಾಗಿ ಪಕ್ಕದಲ್ಲಿ ಸೇರಿಸಿದ್ದಾರೆಯೇ ಹೊರತು ಮೂಲದ ತಪ್ಪು ಹಾಗೆಯೇ ಉಳಿದಿದೆ, ಮುಂದೆಯೂ ಉಳಿಯುವುದು. ಕೂಡಿಸುವ ದಿನವೇ ಕನ್ನಡ ಬಲ್ಲವನೊಬ್ಬನು ನೋಡಿದ್ದರೆ ಒಂದು ಗಳಿಗೆಯ ಕೆಲಸವಾಗಿ ಮುಗಿಯುತ್ತಿದ್ದುದು, ಅನಂತರ ಯಾರಿಂದಲೂ ಆಗದ ಕೆಲಸವಾಯಿತು.

೮. ಉಪಸಂಹಾರ

ಹೇಳಿದುದನ್ನು ಸಂಗ್ರಹಿಸುವುದಾದರೆ: ಸಂಧಿಯಲ್ಲಿ ಹುಟ್ಟುವ ದೋಷವು ಸಂಧಿಸಿದಾಗಲೇ ಕಾಣುವುದಾದ್ದರಿಂದ ಬೇಗ ಬೇಗ ಸಂಧಿಸಬೇಕು; ಸಂಧಿಸಿದಾಗಲೆಲ್ಲ ಪರೀಕ್ಷಿಸಬೇಕು; ಪರೀಕ್ಷಿಸತಕ್ಕ ಅಂಶಗಳನ್ನು ವಿಷಯವನ್ನು ಬಲ್ಲವರು ಬರೆದುಕೊಡಬೇಕು. ಮೊದಲಿನ ಎರಡು ತಂತ್ರಾಂಶಕಾರರ ಕೆಲಸ. ಮೂರನೆಯದನ್ನು ಕನ್ನಡದ ಮಟ್ಟಿಗೆ ಅವರು ಒಬ್ಬರೇ ಮಾಡಲಾರರು. ಅಕಾರಾದಿಯಲ್ಲಿ ಅನುಸ್ವಾರದ ಸ್ಥಾನ, ಱಕಾರ ೞಕಾರಗಳ ಕ್ರಮ, ಅಪೂರ್ವವಾದ ಸಂಯುಕ್ತಾಕ್ಷರಗಳು, ಸಂಖ್ಯೆಗೂ ವಚನಕ್ಕೂ ಇರುವ ಹೊಂದಿಕೆ ಮುಂತಾದುವುಗಳಿಗೆ ಶುದ್ಧರೂಪವಿದು, ಅಶುದ್ಧರೂಪವಿದು ಎಂದು ಉದಾಹರಣಸಹಿತವಾಗಿ ಪಟ್ಟಿಮಾಡಿ ಕೊಡುವುದಕ್ಕೆ ಕೋಡ್ ಬರೆಯಲು ತಿಳಿದಿರಬೇಕಾದುದಿಲ್ಲ. ತರಗತಿಯಲ್ಲಿ ವ್ಯಾಕರಣವನ್ನು ಬೋಧಿಸುವ ಅಧ್ಯಾಪಕನು ದಿನವೂ ಮಾಡುವ ಕೆಲಸವೇ ಅದು. ಅಂಥ ಒಂದೊಂದು ಉದಾಹರಣೆಯೂ ಪರೀಕ್ಷಾಸಂಗ್ರಹದಲ್ಲಿ ಸೇರಿದರೆ, ಅದನ್ನು ಬರೆದವರು ಮರೆತಮೇಲೂ, ಲೋಕದ ಯಾವುದೋ ಮೂಲೆಯಲ್ಲಿ ಯಾರೋ ತಿದ್ದುಪಡಿ ಮಾಡಿದಾಗಲೆಲ್ಲ ಕನ್ನಡದ ಪರವಾಗಿ ಆ ಪ್ರಶ್ನೆಯು ಕೇಳಲ್ಪಡುತ್ತಿರುವುದು.